ರಟ್ಟಿನಲ್ಲಿ ಜಾಕ್ ಫುಲ್ಲರ್: ಶುಗರ್ ಲೋಫ್ ಮುಗೀತು

ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಬ್ರೈಟ್ಲಿಂಗ್ ಅಂತ ಒಂದು ಹಳ್ಳಿ. ಅದರ ಸುತ್ತ ಜಮೀನ್ದಾರ ಜಾಕ್ ಫುಲ್ಲರ್ (1757–1834) ಕಟ್ಟಿಸಿದ ವಿಚಿತ್ರ ಕಟ್ಟಡಗಳನ್ನು 1:100 ಅಳತೆಯಲ್ಲಿ ಮಾಡುತ್ತಿದ್ದೇನೆ. ಪಿರಮಿಡ್ ಆಗಲೇ ಸಿದ್ಧ. ಅಸಲಿ 25 ಅಡಿ, ನನ್ನದು 7.6 ಸೆಂ.ಮೀ. ನಾಲ್ಕು ತ್ರಿಕೋನ ಅಂಟಿಸಿದರೆ ಆಯ್ತು. ಅದು ಅವನ ಸಮಾಧಿ. 1811ರಲ್ಲಿ, ಬದುಕಿದ್ದಾಗಲೇ ಕಟ್ಟಿಸಿಕೊಂಡ. ಒಳಗೆ ಟೋಪಿ ಹಾಕಿಕೊಂಡು, ಮುಂದೆ ಹುರಿದ ಕೋಳಿ, ವೈನ್ ಇಟ್ಟುಕೊಂಡು ಕೂತಿದ್ದಾನೆ ಅಂತ ಊರವರ ಕತೆ. 1982ರಲ್ಲಿ ರಿಪೇರಿ ಮಾಡುವಾಗ ಅದು ಸುಳ್ಳು ಅಂತ ಗೊತ್ತಾಯಿತು. ಎಲ್ಲರ ಹಾಗೆ ನೆಲದಡಿ ಮಲಗಿದ್ದ.

ಶುಗರ್ ಲೋಫ್ ಎಂಬ ಕಲ್ಲಿನ ಕೋನ್ ಮಾತ್ರ ಸತಾಯಿಸಿತು. 35 ಅಡಿ, ಅಂದರೆ 10.7 ಸೆಂ.ಮೀ. ಚಾರ್ಟ್ ಪೇಪರ್ ಸುತ್ತಿದರೆ ಜೋಡಿಸಿದ ಅಂಚು ಎದ್ದು ಕಾಣುತ್ತದೆ. ಹಾಗಾಗಿ ಫೋಮ್ ಬೋರ್ಡಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಪುಟ್ಟಿ ಬಳಿದೆ. ಕಲ್ಲಿನ ಒರಟುತನ ತಾನಾಗಿ ಬಂತು. ಅಸಲಿಯೂ ಅವಸರದ ಕೆಲಸವಂತೆ. ಡಾಲಿಂಗ್ಟನ್ ಚರ್ಚಿನ ಗೋಪುರ ತನ್ನ ಮನೆಯಿಂದ ಕಾಣುತ್ತದೆ ಅಂತ ಫುಲ್ಲರ್ ಬಾಜಿ ಕಟ್ಟಿದ್ದನಂತೆ. ಬಂದು ನೋಡಿದರೆ ಗುಡ್ಡ ಅಡ್ಡ! ಬಾಜಿ ಗೆಲ್ಲೋಕೆ ಗೋಪುರದ ತುದಿಯಂಥದ್ದನ್ನೇ ಬಯಲಲ್ಲಿ ಎಬ್ಬಿಸಿಬಿಟ್ಟನಂತೆ.

ಆ ಕಾಲದಲ್ಲಿ ಅಂಗಡಿಗೆ ಸಕ್ಕರೆ ಬರುತ್ತಿದ್ದದ್ದು ಇದೇ ಆಕಾರದ ಅಚ್ಚಾಗಿ. ಅದಕ್ಕೇ ಶುಗರ್ ಲೋಫ್ ಅಂತ ಹೆಸರು. ಫುಲ್ಲರನಿಗೆ 20ರ ವಯಸ್ಸಿನಲ್ಲಿ ಬ್ರೈಟ್ಲಿಂಗ್ ಜಮೀನಿನ ಜೊತೆ ಜಮೈಕಾದ ಕಬ್ಬಿನ ತೋಟಗಳೂ ಪಾಲಿಗೆ ಬಂದವು. ಅಲ್ಲಿ ದುಡಿದವರು ಗುಲಾಮರು. ಸಸೆಕ್ಸಿನ ಎಂಪಿಯಾಗಿ ಇವನು ಗುಲಾಮಗಿರಿಯನ್ನೇ ಸಮರ್ಥಿಸಿದ. 1810ರಲ್ಲಿ ಕುಡಿದು ಪಾರ್ಲಿಮೆಂಟಿಗೆ ಬಂದು, ಸ್ಪೀಕರನ್ನೇ ಬೈದು, ಹೊರಗೆ ಹಾಕಿಸಿಕೊಂಡ ಕತೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ತೋಟದ ವಿಷಯ ಕೊನೆಗೆ ಒಂದು ಸಾಲು. ಇದ್ಯಾವ ನ್ಯಾಯ, ಅಲ್ವಾ? ಅದಕ್ಕೇ ತಳದ ಹಲಗೆಯಲ್ಲಿ ಕೋನ್ ಪಕ್ಕದಲ್ಲೇ ಜಮೈಕಾದ ನಕ್ಷೆ ಕೊರೆಯುತ್ತಿದ್ದೇನೆ.

ಒಳ್ಳೆಯ ಕೆಲಸವನ್ನೂ ಬಿಡುವುದಿಲ್ಲ. ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇವನ ದುಡ್ಡಿನಿಂದ ಶುರುವಾದ ರಸಾಯನಶಾಸ್ತ್ರದ ಪ್ರೊಫೆಸರ್ ಹುದ್ದೆಗೆ 1833ರಲ್ಲಿ ಮೊದಲು ಬಂದವರು ವಿಜ್ಞಾನಿ ಮೈಕೇಲ್ ಫ್ಯಾರಡೆ. ಪಾಳುಬಿದ್ದ ಬೋಡಿಯಂ ಕೋಟೆಯನ್ನು ಕೊಂಡು, ಕಲ್ಲುಕಲ್ಲಾಗಿ ಹೋಗದಂತೆ ಉಳಿಸಿದವನೂ ಇವನೇ. ಕೋಟೆ ಮಾಡುವ ಧೈರ್ಯ ಸದ್ಯಕ್ಕೆ ನನಗಿಲ್ಲ.

ಮುಂದಿನದು 65 ಅಡಿಯ ಕಲ್ಲಿನ ಸೂಜಿಗಂಬ. 20 ಸೆಂ.ಮೀ.ಗೆ ಸ್ವಲ್ಪ ಕಡಿಮೆ ಬರುತ್ತದೆ. ಅಷ್ಟು ಸಣ್ಣಗೆ ಮೇಲೇಳುವಾಗ ಬರೀ ರಟ್ಟು ಬಾಗುತ್ತದೆ. ಒಳಗೆ ಬಿದಿರು ಕಡ್ಡಿ ಇಟ್ಟು ನೋಡುತ್ತೇನೆ.