ಶನಿವಾರದ ಹಳದಿ ಮಾತ್ರೆ

ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ನಾನು ವಾರಕ್ಕೊಮ್ಮೆ ತೆಗೆದುಕೊಳ್ಳಲು ತೊಡಗಿ ಈ ಮಳೆಗಾಲಕ್ಕೆ ಆರು ವರ್ಷವಾಯಿತು. ಸಾಗರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಅದಕ್ಕೂ ಹಿಂದಿನ ಒಂದು ವರ್ಷ ಬೆಳಗಿನ ಹೊತ್ತು ಬೆರಳು ಮಡಚಲು ಬರುತ್ತಿರಲಿಲ್ಲ. ಸೀಮೆಸುಣ್ಣವನ್ನು ಸರಿಯಾಗಿ ಹಿಡಿಯಲು ಎರಡನೇ ಪೀರಿಯಡ್‌ವರೆಗೆ ಕಾಯಬೇಕಾಗುತ್ತಿತ್ತು. ಕುಕ್ಕರಿನ ಮುಚ್ಚಳ ತೆಗೆಯಲು ಮಗಳನ್ನು ಕರೆಯಬೇಕಾಗುತ್ತಿತ್ತು. ಶಿವಮೊಗ್ಗದ ವೈದ್ಯೆಯೊಬ್ಬರು ಅದನ್ನು ರುಮಟಾಯ್ಡ್ ಸಂಧಿವಾತವೆಂದು ಗುರುತಿಸಿ ಈ ಔಷಧವನ್ನು ಬರೆದುಕೊಟ್ಟರು.

ಔಷಧವು ನನ್ನ ಕೈಗಳನ್ನು ನನಗೆ ಮರಳಿ ಕೊಟ್ಟಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದೆಲ್ಲ ಅದರಿಂದಾದ ತೊಂದರೆಗಳ ಕುರಿತಾಗಿದೆ. ಓದಿದವರಲ್ಲಿ ಒಬ್ಬರಾದರೂ ಹೆದರಿ ತಮ್ಮ ಮಾತ್ರೆಯನ್ನು ತಾವೇ ನಿಲ್ಲಿಸಿದರೆ ನಾನು ಇದನ್ನು ಬರೆದದ್ದೇ ತಪ್ಪಾಗುತ್ತದೆ. ಮೊದಲ ವರ್ಷ ನಾನೇ ಎರಡು ಬಾರಿ ಹಾಗೆ ನಿಲ್ಲಿಸಿದ್ದೆ. ಎರಡು ಬಾರಿಯೂ ಐದಾರು ವಾರದೊಳಗೆ ಮಣಿಕಟ್ಟು ಊದಿಕೊಂಡು ಮತ್ತೆ ಶುರುವಿನಿಂದ ಆರಂಭಿಸಬೇಕಾಯಿತು.

ಈ ಔಷಧದ ಕಷ್ಟವಿರುವುದು ಅದರ ಕಾಲಕ್ರಮದಲ್ಲಿ. ಅದು ಕೀಲುಗಳ ಮೇಲೆ ಪರಿಣಾಮ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು. ಅಡ್ಡಪರಿಣಾಮಗಳಾದರೋ ಮೊದಲ ವಾರದಲ್ಲೇ ಕಾಣಿಸಿಕೊಳ್ಳಬಹುದು. ಆದ್ದರಿಂದ ಎರಡು ಮೂರು ತಿಂಗಳ ಕಾಲ ರೋಗಿಯ ಪಾಲಿಗೆ ಹಳೆಯ ನೋವೂ ಇರುತ್ತದೆ, ಹೊಸ ಸಂಕಟವೂ ಇರುತ್ತದೆ, ಲಾಭ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಮನೆಯವರು ‘ಆ ಮಾತ್ರೆ ನಿನಗೆ ಆಗಿಬರುತ್ತಿಲ್ಲ, ಬಿಟ್ಟುಬಿಡು’ ಎಂದು ಪ್ರೀತಿಯಿಂದ ಹೇಳುವುದೂ ಈ ದಿನಗಳಲ್ಲೇ. ಈ ಅಂತರವನ್ನು ಯಾರಾದರೂ ನನಗೆ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿದ್ದರೆ ನಾನು ಅದನ್ನು ದಾಟುತ್ತಿದ್ದೆನೆಂದು ಈಗ ಅನಿಸುತ್ತದೆ.

ನನಗೆ ಆಗುತ್ತಿದ್ದುದು ಇಷ್ಟು. ಆಗ ನಾನು ಮಾತ್ರೆ ತೆಗೆದುಕೊಳ್ಳುತ್ತಿದ್ದುದು ಭಾನುವಾರ ರಾತ್ರಿ. ಸೋಮವಾರ ಬೆಳಿಗ್ಗೆ ಹೊಟ್ಟೆ ತೊಳಸುತ್ತಿತ್ತು, ಒಗ್ಗರಣೆಯ ವಾಸನೆ ಬಂದರೆ ವಾಕರಿಕೆಯಾಗುತ್ತಿತ್ತು. ಮೈಯೆಲ್ಲ ಹಿಂಡಿ ಹಾಕಿದ ಬಟ್ಟೆಯಂತಾಗಿ, ಮಧ್ಯಾಹ್ನದ ಹೊತ್ತಿಗೆ ತರಗತಿಯಲ್ಲಿ ನಿಲ್ಲುವುದೇ ಕಷ್ಟವಾಗುತ್ತಿತ್ತು. ಬುಧವಾರದ ಸುಮಾರಿಗೆ ನಾಲಿಗೆಯ ಅಂಚಿನಲ್ಲೂ ಕೆನ್ನೆಯ ಒಳಗೂ ಹುಣ್ಣುಗಳು ಏಳುತ್ತಿದ್ದವು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಶುಕ್ರವಾರ ಸ್ವಲ್ಪ ಸರಿಯಾಯಿತೆನ್ನುವಷ್ಟರಲ್ಲಿ ಮತ್ತೆ ಭಾನುವಾರ.

ಇವೆಲ್ಲಕ್ಕೂ ನಮ್ಮ ಮನೆಯಲ್ಲಿ ಇದ್ದ ಹೆಸರು ಒಂದೇ: ಉಷ್ಣ. ಮಾತ್ರೆ ಉಷ್ಣ, ಹಾಗಾಗಿ ಬಾಯಿಹುಣ್ಣು. ಮಾತ್ರೆ ಉಷ್ಣ, ಹಾಗಾಗಿ ಕೂದಲು ಉದುರುವುದು. ಸುಸ್ತಿಗೂ ಅದೇ, ತಲೆನೋವಿಗೂ ಅದೇ. ಅಮ್ಮ ಒಂದೆಲಗದ ತಂಬುಳಿ ಮಾಡಿಕೊಟ್ಟರು, ಬಸಳೆ ಎಲೆ ಜಗಿಯಲು ಹೇಳಿದರು, ಎಳನೀರು ತರಿಸಿದರು. ತಂಬುಳಿ ಹುಣ್ಣಿನ ಉರಿಗೆ ನಿಜವಾಗಿಯೂ ಹಿತವಾಗಿತ್ತು, ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಆ ಒಂದು ಪದ ನನಗೆ ಮಾಡಿದ ಹಾನಿ ಬೇರೆ ಬಗೆಯದು. ‘ಉಷ್ಣ’ ಎಂದ ಮೇಲೆ ಕಾರಣ ಗೊತ್ತಾಯಿತೆಂಬ ಸಮಾಧಾನ ಬಂದುಬಿಡುತ್ತದೆ. ಕಾರಣ ಗೊತ್ತಾದುದನ್ನು ವೈದ್ಯರ ಬಳಿ ಹೇಳುವ ಅಗತ್ಯ ತೋರುವುದಿಲ್ಲ. ಶಿವಮೊಗ್ಗಕ್ಕೆ ಹೋದಾಗಲೆಲ್ಲ ಅವರು ‘ಹೇಗಿದ್ದೀರಿ ಟೀಚರ್?’ ಎಂದು ಕೇಳುತ್ತಿದ್ದರು, ‘ಪರವಾಗಿಲ್ಲ ಮೇಡಂ, ಸ್ವಲ್ಪ ಉಷ್ಣ ಆಗಿದೆ ಅಷ್ಟೆ’ ಎಂದು ನಾನು ಹೇಳುತ್ತಿದ್ದೆ. ಹೊರಗೆ ಇಪ್ಪತ್ತು ಮೂವತ್ತು ಜನ ಕಾಯುತ್ತಿರುವಾಗ ಅವರ ಸಮಯ ತೆಗೆದುಕೊಳ್ಳಬಾರದೆಂಬ ಸಂಕೋಚವೂ ಇತ್ತು. ಅವರು ರಕ್ತಪರೀಕ್ಷೆಯ ವರದಿ ನೋಡಿ ಅದೇ ಮಾತ್ರೆಯನ್ನು ಮುಂದುವರಿಸುತ್ತಿದ್ದರು.

ಎಂಟನೇ ತಿಂಗಳಲ್ಲಿ ಬಾಯಿಹುಣ್ಣಿನಿಂದಾಗಿ ಸರಿಯಾಗಿ ಮಾತನಾಡಲಾರದೆ ಅವರೆದುರು ಕುಳಿತಾಗ ಅವರು ಟಾರ್ಚ್ ಹಾಕಿ ನೋಡಿ, ‘ಇದು ಎಷ್ಟು ದಿನದಿಂದ ಹೀಗಿದೆ? ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಲ್ಲವೇ?’ ಎಂದು ಕೇಳಿದರು. ನಾನು ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ತಿಂಗಳು ಬರೆದುಕೊಟ್ಟಿದ್ದ ಆ ಚಿಕ್ಕ ಮಾತ್ರೆ ಬಸುರಿಯರಿಗೆ ಕೊಡುವಂತಹ ‘ಶಕ್ತಿ ಮಾತ್ರೆ’ ಎಂದು ಎಣಿಸಿ, ಸ್ಟ್ರಿಪ್ ಮುಗಿದ ಮೇಲೆ ಮತ್ತೆ ಕೊಂಡಿರಲಿಲ್ಲ. ಅಂದು ಅವರು ಹತ್ತು ನಿಮಿಷ ಕೂತು ವಿವರಿಸಿದ್ದನ್ನು, ಅನಂತರ ನಾನು ಓದಿ ತಿಳಿದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತೇನೆ; ಕಾರಣ ತಿಳಿದ ಮೇಲೆ ನನಗೆ ಆ ಮಾತ್ರೆಯ ಮೇಲಿದ್ದ ಸಿಟ್ಟು ಕಡಿಮೆಯಾಯಿತು.

ನಮ್ಮ ದೇಹದಲ್ಲಿ ಹೊಸ ಜೀವಕೋಶಗಳು ಹುಟ್ಟಲು ಫೋಲೇಟ್ ಎಂಬ ಜೀವಸತ್ವ ಬೇಕು. ಮೆಥೊಟ್ರೆಕ್ಸೇಟಿನ ರಚನೆ ಹೆಚ್ಚುಕಡಿಮೆ ಆ ಫೋಲೇಟಿನಂತೆಯೇ ಇರುವುದರಿಂದ, ಅದು ಫೋಲೇಟಿನ ಜಾಗದಲ್ಲಿ ಹೋಗಿ ಕುಳಿತು ಅದರ ಕೆಲಸವನ್ನು ತಡೆಯುತ್ತದೆ. ಬಾಯಿಯ ಒಳಪದರ, ಕರುಳಿನ ಒಳಪದರ, ಕೂದಲಿನ ಬುಡ, ಎಲುಬಿನೊಳಗಿನ ಮಜ್ಜೆ — ಇವೆಲ್ಲ ಬೇಗ ಬೇಗನೆ ಹೊಸ ಕೋಶಗಳನ್ನು ಹುಟ್ಟಿಸುವ ಜಾಗಗಳಾದ್ದರಿಂದ ಕೊರತೆ ಮೊದಲು ಕಾಣುವುದು ಅಲ್ಲಿಯೇ. ನನ್ನ ಬಾಯಿಯ ಹುಣ್ಣಿಗೂ ಬಾಚಣಿಗೆಯ ಕೂದಲಿಗೂ ಇದ್ದ ಸಂಬಂಧ ಇದು. ಫೋಲಿಕ್ ಆಮ್ಲವನ್ನು ಪ್ರತ್ಯೇಕವಾಗಿ ಕೊಟ್ಟರೆ ಈ ತೊಂದರೆಗಳೂ ಯಕೃತ್ತಿನ ಮೇಲಿನ ಒತ್ತಡವೂ ಗಮನಾರ್ಹವಾಗಿ ತಗ್ಗುತ್ತವೆ, ಸಂಧಿವಾತದ ಮೇಲಿನ ಪರಿಣಾಮ ಮಾತ್ರ ಹಾಗೆಯೇ ಉಳಿಯುತ್ತದೆ. ನನಗೆ ವಾರಕ್ಕೆ 5 ಮಿಲಿಗ್ರಾಂ, ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ದಿನವನ್ನು ಬಿಟ್ಟು ಬೇರೆ ದಿನ ಎಂದು ಬರೆದುಕೊಟ್ಟರು. ಆರು ವಾರದಲ್ಲಿ ಹುಣ್ಣು ಬರುವುದು ಬಹುಮಟ್ಟಿಗೆ ನಿಂತಿತು.

ಈ ಎರಡು ಮಾತ್ರೆಗಳ ಹಿಂದಿನ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ, ಅಲ್ಲಿಯ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ತೋರಿಸಿದರು. ಆ ಸಾರದಲ್ಲಿದ್ದುದು ಫೋಲೇಟ್ ಎಂದು ಆಮೇಲೆ ಗೊತ್ತಾಯಿತು. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೂ ಅದನ್ನು ತಡೆಯುವ ವಸ್ತುಗಳನ್ನೂ ತಯಾರಿಸಿತು. ಅಂತಹ ಒಂದು ವಸ್ತುವಿನಿಂದ ಮಕ್ಕಳ ರಕ್ತದ ಕ್ಯಾನ್ಸರ್ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿದುದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಅದೇ ಬಳಗದ ಮೆಥೊಟ್ರೆಕ್ಸೇಟಿಗೆ ಅಮೆರಿಕದಲ್ಲಿ ಸಂಧಿವಾತದ ಔಷಧವಾಗಿ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ‘ಇದು ಕ್ಯಾನ್ಸರ್ ಮಾತ್ರೆಯಂತೆ’ ಎಂದು ಔಷಧದ ಅಂಗಡಿಯಲ್ಲಿ ಯಾರೋ ಹೇಳಿದ್ದನ್ನು ಕೇಳಿ ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಇದು ಗೊತ್ತಿರಬೇಕು: ಕೆಲವು ಕ್ಯಾನ್ಸರುಗಳಿಗೆ ಗ್ರಾಂಗಳ ಲೆಕ್ಕದಲ್ಲಿ ಕೊಡುವ ಔಷಧವನ್ನು ನಮಗೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ ಕೊಡುತ್ತಾರೆ.

ಹುಣ್ಣು ಹೋದರೂ ವಾಕರಿಕೆ ಹೋಗಲಿಲ್ಲ. ಅದು ಇನ್ನೊಂದು ರೂಪ ತಾಳಿತ್ತು. ಮಾತ್ರೆಯ ಹಳದಿ ಬಣ್ಣ ನೋಡಿದರೆ, ಅದನ್ನಿಟ್ಟ ಸ್ಟೀಲ್ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ, ಕೊನೆಕೊನೆಗೆ ಭಾನುವಾರ ಮಧ್ಯಾಹ್ನ ಆಯಿತೆಂಬ ನೆನಪಿಗೇ ಬಾಯಲ್ಲಿ ನೀರೂರಿ ಹೊಟ್ಟೆ ಮಗುಚುತ್ತಿತ್ತು. ಮಾತ್ರೆ ನುಂಗುವ ಮೊದಲೇ ಹೀಗಾಗುವುದನ್ನು ಹೇಳಿದರೆ ಮನಸ್ಸಿನ ಭ್ರಮೆ ಎಂದಾರೆಂದು ನಾಚಿಕೆಯಿಂದ ಬಚ್ಚಿಟ್ಟಿದ್ದೆ. ಬಾಯಿಹುಣ್ಣಿನ ಅನುಭವದ ನಂತರ ಧೈರ್ಯ ಮಾಡಿ ಹೇಳಿದೆ. ಈ ಔಷಧ ತೆಗೆದುಕೊಳ್ಳುವ ಅನೇಕರಲ್ಲಿ, ಅದರಲ್ಲೂ ಮಕ್ಕಳಲ್ಲಿ, ಇದು ಚೆನ್ನಾಗಿ ಗೊತ್ತಿರುವ ಸಂಗತಿ ಎಂದು ವೈದ್ಯೆ ಹೇಳಿದರು. ದೇಹ ಒಂದು ಸಂಕಟವನ್ನು ಬಣ್ಣ ವಾಸನೆಗಳೊಂದಿಗೆ ಸೇರಿಸಿ ಕಲಿತುಬಿಡುತ್ತದಂತೆ. ಆ ಒಂದು ಮಾತು ಕೇಳಿ ನನಗೆ ಅಲ್ಲೇ ಕಣ್ಣು ತುಂಬಿತು.

ಅಲ್ಲಿಂದ ಮುಂದೆ ಒಂದೊಂದನ್ನೇ ಬದಲಾಯಿಸಿದೆವು. ಮಾತ್ರೆಯ ದಿನವನ್ನು ಭಾನುವಾರದಿಂದ ಶನಿವಾರಕ್ಕೆ ತಂದದ್ದರಿಂದ ಸುಸ್ತಿನ ದಿನ ರಜೆಯ ದಿನವಾಯಿತು. ಇಷ್ಟು ಸರಳವಾದುದು ಹತ್ತು ತಿಂಗಳು ನನಗೆ ಹೊಳೆದಿರಲಿಲ್ಲ. ರಾತ್ರಿ ಗಂಜಿಯಂತಹ ಹಗುರ ಊಟದ ನಂತರ ತೆಗೆದುಕೊಂಡು ಕೂಡಲೇ ಮಲಗಿದರೆ ವಾಕರಿಕೆಯ ಹೆಚ್ಚಿನ ಪಾಲು ನಿದ್ದೆಯಲ್ಲೇ ಕಳೆಯುತ್ತಿತ್ತು. ಅದೇ ವಾರದ ಪ್ರಮಾಣವನ್ನು ವೈದ್ಯರ ಸಲಹೆಯಂತೆ ಹನ್ನೆರಡು ಗಂಟೆಯ ಅಂತರದಲ್ಲಿ ಎರಡು ಭಾಗ ಮಾಡಿ ನೋಡಿದೆ, ನನಗೆ ಹೆಚ್ಚು ಪ್ರಯೋಜನವಾಗಲಿಲ್ಲ. ಶುಂಠಿ ಕಷಾಯದಿಂದ ಸ್ವಲ್ಪ ಆರಾಮವಾಗುತ್ತಿತ್ತು. ಕೊನೆಗೆ ನಿಜವಾದ ವ್ಯತ್ಯಾಸ ಕಂಡಿದ್ದು ಮಾತ್ರೆ ಬಿಟ್ಟು, ಚರ್ಮದಡಿಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ನಿಗೆ ಬದಲಾಯಿಸಿದಾಗ. ಔಷಧ ಹೊಟ್ಟೆಯ ಮೂಲಕ ಹೋಗದ ಕಾರಣ ಸಂಕಟ ಕಡಿಮೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವ ಹಾಗೆ ಹೊಟ್ಟೆಯ ಪಕ್ಕದಲ್ಲಿ ನಾನೇ ಚುಚ್ಚಿಕೊಳ್ಳುತ್ತೇನೆ. ಆ ದ್ರವವೂ ಹಳದಿಯೇ; ಮೊದಲ ಕೆಲವು ವಾರ ಯಜಮಾನರು ಸಿರಿಂಜನ್ನು ಕೈಯಲ್ಲಿ ಮರೆಮಾಡಿ ಹಿಡಿದು ಚುಚ್ಚಿಕೊಟ್ಟರು.

ಇನ್ನು ಅಪಾಯದ ಮಾತು. ಇದು ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ. ತಪ್ಪಿ ದಿನವೂ ತೆಗೆದುಕೊಂಡರೆ ಮಜ್ಜೆ ಕೆಲಸ ನಿಲ್ಲಿಸಿ ಪ್ರಾಣವೇ ಹೋಗಬಹುದು, ಜಗತ್ತಿನ ಹಲವೆಡೆ ಹಾಗೆ ಹೋಗಿದೆ. ಒಮ್ಮೆ ಔಷಧದ ಅಂಗಡಿಯೊಂದರಲ್ಲಿ ನನ್ನ ಮಾತ್ರೆಯ ಕವರಿನ ಮೇಲೆ ಎಂದಿನ ರೂಢಿಯಂತೆ ‘0-0-1’ ಎಂದು ಬರೆದುಕೊಟ್ಟರು, ಅಂದರೆ ದಿನವೂ ರಾತ್ರಿ ಒಂದು. ನನಗೆ ಗೊತ್ತಿತ್ತು, ಹಾಗಾಗಿ ಅಲ್ಲೇ ನಿಂತು ತಿದ್ದಿಸಿದೆ. ಕಣ್ಣು ಮಂಜಾದ, ಓದಲು ಬಾರದ ಅಜ್ಜಿಯೊಬ್ಬರ ಕೈಗೆ ಆ ಕವರ್ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಸಾಲದ್ದಕ್ಕೆ ಫೋಲಿಕ್ ಆಮ್ಲದ ಮಾತ್ರೆಯೂ ಚಿಕ್ಕದು, ಅದೂ ಹಳದಿ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಚೀಟಿಯ ಮೇಲೆ ವಾರದ ಹೆಸರನ್ನೇ ಕನ್ನಡದಲ್ಲಿ ‘ಶನಿವಾರ ಮಾತ್ರ’ ಎಂದು ಬರೆಸಿಕೊಳ್ಳಿ.

ಬೇರೆ ಔಷಧಗಳ ಜೊತೆಗಿನ ಜಗಳವನ್ನೂ ಮರೆಯಬಾರದು. ಎರಡು ವರ್ಷದ ಹಿಂದೆ ಉರಿಮೂತ್ರಕ್ಕೆಂದು ಊರಿನ ಡಾಕ್ಟರಲ್ಲಿಗೆ ಹೋದಾಗ ಅವರು ಕೋಟ್ರೈಮಾಕ್ಸಜೋಲ್ ಬರೆಯಲು ಹೊರಟಿದ್ದರು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಎಂದ ಕೂಡಲೇ ಚೀಟಿ ಹರಿದು ಬೇರೆ ಬರೆದರು, ಏಕೆಂದರೆ ಅದೂ ಫೋಲೇಟಿನ ಕೆಲಸವನ್ನೇ ತಡೆಯುವ ಆ್ಯಂಟಿಬಯೋಟಿಕ್. ಮದ್ಯಪಾನ ಮಾಡುವವರು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಮಗುವಿನ ಯೋಚನೆ ಇರುವ ಹೆಣ್ಣುಮಕ್ಕಳು ಮೊದಲೇ ಮಾತನಾಡಿ ಈ ಔಷಧವನ್ನು ತಿಂಗಳುಗಳ ಮುಂಚೆ ಬಿಡಬೇಕಾಗುತ್ತದೆ, ಭ್ರೂಣಕ್ಕೆ ಇದು ಅಪಾಯಕಾರಿ. ಜ್ವರ, ಗಂಟಲುನೋವು, ಒಣಕೆಮ್ಮಿನೊಂದಿಗೆ ಉಸಿರುಕಟ್ಟುವಿಕೆ, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು, ಕಣ್ಣು ಹಳದಿಯಾಗುವುದು — ಇವುಗಳಲ್ಲಿ ಯಾವುದು ಬಂದರೂ ಮುಂದಿನ ಭೇಟಿಯವರೆಗೆ ಕಾಯುವಂತಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇರುವ ನಮ್ಮ ಸೀಮೆಯಲ್ಲಂತೂ ಬೇಸಿಗೆಯ ಜ್ವರವನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ನನ್ನಂಥವರಿಗೆ ಹೆದರಲು ಎರಡು ಕಾರಣಗಳಿವೆ.

ಈಗ ನನ್ನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಅದರಲ್ಲಿ ‘ಉಷ್ಣ’ ಎಂಬ ಪದವನ್ನು ಬರೆಯಬಾರದೆಂದು ನಿಯಮ ಮಾಡಿಕೊಂಡಿದ್ದೇನೆ. ಬದಲಿಗೆ ಎಲ್ಲಿ, ಯಾವಾಗ, ಎಷ್ಟು ಹೊತ್ತು, ಅದರಿಂದ ಯಾವ ಕೆಲಸ ನಿಂತಿತು ಎಂದು ಬರೆಯುತ್ತೇನೆ: ‘ಭಾನುವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ವಾಕರಿಕೆ, ವಾಂತಿ ಇಲ್ಲ, ದೋಸೆ ಸೇರಲಿಲ್ಲ, ಮಜ್ಜಿಗೆ ಅನ್ನ ಸೇರಿತು’. ಭೇಟಿಯ ದಿನ ಇವುಗಳಲ್ಲಿ ಅತಿ ಹೆಚ್ಚು ಕಾಡಿದ ಎರಡನ್ನು ಕೋಣೆಗೆ ಹೋದ ಕೂಡಲೇ, ಅವರು ವರದಿ ಬಿಡಿಸುವ ಮೊದಲೇ ಓದಿ ಹೇಳುತ್ತೇನೆ. ಹೀಗೆ ಹೇಳಲು ಒಂದು ನಿಮಿಷ ಸಾಕು. ರಕ್ತಪರೀಕ್ಷೆಯಲ್ಲಿ ಯಕೃತ್ತು, ಮೂತ್ರಪಿಂಡ, ರಕ್ತಕಣಗಳ ಸ್ಥಿತಿ ಕಾಣುತ್ತದೆ. ಒಗ್ಗರಣೆಯ ವಾಸನೆಗೆ ಅಡುಗೆಮನೆ ಬಿಟ್ಟು ಓಡಿದ್ದು ಯಾವ ವರದಿಯಲ್ಲೂ ಕಾಣುವುದಿಲ್ಲ.

ಅಡ್ಡಪರಿಣಾಮಗಳನ್ನು ರೋಗಿಗಳೇ ನೇರವಾಗಿ ಸರ್ಕಾರಕ್ಕೆ ತಿಳಿಸಬಹುದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ ನೋಡಿಕೊಳ್ಳುತ್ತದೆ. ಅದರ ಶುಲ್ಕರಹಿತ ದೂರವಾಣಿ ಸಂಖ್ಯೆ 1800-180-3024. ವೈದ್ಯರಿಗೆ ಹೇಳಿದ ಮೇಲೆ ಇಲ್ಲಿಗೂ ತಿಳಿಸುವುದು ಒಳ್ಳೆಯದು, ಇದು ವೈದ್ಯರ ಮೇಲಿನ ದೂರು ಅಲ್ಲ.

ನನಗೆ ಎಲ್ಲವೂ ಸರಿಹೋಗಿಲ್ಲ. ಕೂದಲು ಮೊದಲಿನಷ್ಟು ದಟ್ಟವಾಗಿಲ್ಲ. ಭಾನುವಾರದ ಅರ್ಧ ದಿನ ಇಂದಿಗೂ ಹಾಸಿಗೆಯಲ್ಲೇ ಕಳೆಯುತ್ತದೆ, ಆ ದಿನದ ಅಡುಗೆಯನ್ನು ಯಜಮಾನರೂ ಮಗಳೂ ಸೇರಿ ಮಾಡುತ್ತಾರೆ. ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್ ಹತ್ತನೇ ತರಗತಿಯದು. ಈ ವಾರ ಅಲ್ಲಿ ತ್ರಿಕೋನಮಿತಿ ಶುರುವಾಗಿದೆ, ಬೋರ್ಡಿನ ಮೇಲಿನ ಚಿತ್ರಗಳನ್ನೆಲ್ಲ ನಾನೇ ಬಿಡಿಸಿದೆ.