ಒಣ ಮಾವಿನ ಯುಗಾದಿ, ಒಣ ಅಣಬೆಯ ಹೊಸತೊಡಕು

ಯುಗಾದಿ ಅಂದರೆ ಚಿಗುರಿನ ಹಬ್ಬ. ಮಾವಿನ ತೋರಣ, ಎಳೆ ಬೇವು, ಹಸಿ ಮಾವಿನಕಾಯಿ ಚಿತ್ರಾನ್ನ. ನಾವಿರುವ ಪೋಲೆಂಡಿನ ಕ್ರಾಕೂಫ್‌ನಲ್ಲಿ ಮಾರ್ಚ್ ಕೊನೆಗೂ ಬಹುಪಾಲು ಮರಗಳು ಬೋಳು ಬೋಳು. ಹಾಗಾಗಿ ನಮ್ಮ ಮನೆಯಲ್ಲಿ ಚಿಗುರಿನ ಹಬ್ಬ ನಡೆಯುವುದು ಒಣಗಿದ ಸಾಮಾನಿನಿಂದ.

2025ರಲ್ಲಿ ಹಬ್ಬ ಮಾರ್ಚ್ 30ರ ಭಾನುವಾರ ಬಂತು. ರಜೆ ಕೇಳುವ ಗೋಜಿಲ್ಲ. ಆದರೆ ಯುರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವುದೂ ಅವತ್ತೇ! ಊರಿಗೂ ನಮಗೂ ಇದ್ದ ನಾಲ್ಕೂವರೆ ಗಂಟೆಯ ಅಂತರ ಬೆಳಗಾಗುವಷ್ಟರಲ್ಲಿ ಮೂರೂವರೆ ಆಗಿತ್ತು. ಅಮ್ಮ ಫೋನ್ ಮಾಡಿದಾಗ ಅಲ್ಲಿ ಒಬ್ಬಟ್ಟು ತಟ್ಟಿ ಮುಗಿದಿತ್ತು. ಇಲ್ಲಿ ನಾವಿನ್ನೂ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆವು.

ಊರಿಂದ ಹಸಿ ಮಾವಿನಕಾಯಿ ತರಬಹುದಲ್ವಾ ಅಂತ ಕೇಳುವವರಿದ್ದಾರೆ. ಸುಲಭವಿಲ್ಲ. 2019ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹಸಿ ಹಣ್ಣು, ತರಕಾರಿ, ಸೊಪ್ಪು ತರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಇವೈದಕ್ಕೆ ಮಾತ್ರ ವಿನಾಯಿತಿ. ತೆಂಗಿನಕಾಯಿ ಆ ಪಟ್ಟಿಯಲ್ಲಿ ಇರುವುದೇ ನಮ್ಮ ಪುಣ್ಯ.

ಬೇವಿಗೆ ಅತ್ತೆ ಒಣಗಿಸಿ ಕೊಟ್ಟ ಹೂವು ಇತ್ತು. ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಬೆಲ್ಲದ ಜೊತೆ ಕುಟ್ಟಿದೆ. ಕಹಿ ಏನೂ ಕಡಿಮೆಯಾಗಿಲ್ಲ, ಮಕ್ಕಳ ಮುಖ ನೋಡಿದರೆ ಸಾಕು.

ಮಾವಿನಕಾಯಿ ಹೋಳು ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿದ್ದು. ಬಿಸಿನೀರಲ್ಲಿ ಅರ್ಧ ಗಂಟೆ ಬಿಟ್ಟರೆ ಮೆತ್ತಗಾಗುತ್ತದೆ. ಆ ನೀರನ್ನು ಮಾತ್ರ ಚೆಲ್ಲಬಾರದು. ಹುಳಿ, ಉಪ್ಪು ಎರಡೂ ಅದರಲ್ಲೇ ಇರುತ್ತವೆ. ಹೋಳಿನ ಜೊತೆ ತೆಂಗಿನಕಾಯಿ, ಸಾಸಿವೆ, ಒಣಮೆಣಸಿನಕಾಯಿ ಹಾಕಿ ಅದೇ ನೀರಲ್ಲಿ ರುಬ್ಬಿ, ಒಗ್ಗರಣೆಗೆ ಹಾಕಿ ಬಾಡಿಸಿ ಅನ್ನಕ್ಕೆ ಕಲಸಿದೆ. ಬೇರೆ ಉಪ್ಪು ಬೇಕಾಗಲಿಲ್ಲ. ಹಸಿ ಕಾಯಿಯ ಘಮ ಇದರಲ್ಲಿ ಇಲ್ಲ, ನಿಜ. ಆದರೆ ಹುಳಿ ಗಾಢ, ನಾಲಿಗೆಯ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ. ತಾಜಾ ಸಿಗಲಿಲ್ಲ ಅಂತ ಒಣದ್ದನ್ನು ಹಾಕುತ್ತೇವೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಬೇರೆಯೇ ಪದಾರ್ಥ.

ಗೋರಿಕಾಯಿಯೂ ಹಾಗೇ. ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದು ಆಮೇಲೆ ಒಣಗಿಸಿದರೆ ಬಣ್ಣ, ರುಚಿ ಕೆಡಿಸುವ ಕಿಣ್ವಗಳು ಅಲ್ಲೇ ನಿಲ್ಲುತ್ತವೆ. ರಾತ್ರಿ ನೆನೆಸಿ ಬೆಳಿಗ್ಗೆ ಪಲ್ಯ ಮಾಡಿದೆ. ಇಲ್ಲಿನ ಅಂಗಡಿಗಳಲ್ಲಿ ಕ್ಯಾರೆಟ್, ಸೆಲೆರಿ ಗಡ್ಡೆ, ಲೀಕ್ ಸೇರಿಸಿದ ಒಣ ತರಕಾರಿ ಪೊಟ್ಟಣವೂ ಸಿಗುತ್ತದೆ. ಸೂಪಿಗೆ ಚೆನ್ನಾಗಿದೆ. ಒಬ್ಬಟ್ಟಿನ ಸಾರಿಗೆ ಬೇಡ. ಸೆಲೆರಿಗೂ ಇಂಗಿಗೂ ಆಗಿಬರಲ್ಲ.

ಅವತ್ತಿನ ಎಲೆಯಲ್ಲಿ ಗೆದ್ದಿದ್ದು ಪ್ಲಮ್ ಮೆಣಸ್ಕಾಯಿ. ಸ್ತಾರಿ ಕ್ಲೆಪಾಶ್ ಎಂಬ ಹಳೇ ಸಂತೆ ಇದೆ ಇಲ್ಲಿ. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಪ್ಲಮ್ ಸಿಗುತ್ತದೆ. ಕಪ್ಪಗೆ, ಸುಕ್ಕು ಸುಕ್ಕಾಗಿ, ಸೌದೆ ಒಲೆಯ ವಾಸನೆ ಹೊತ್ತು ಕೂತಿರುತ್ತದೆ. ಇದೇ ಮಾವೊಪೋಲ್ಸ್ಕಾ ಸೀಮೆಯ ಹಳ್ಳಿಗಳ ಸರಕು. 2010ರಲ್ಲಿ ಇದಕ್ಕೆ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ನಂಜನಗೂಡು ರಸಬಾಳೆಗೆ ಇರುವಂಥದ್ದು. ಪ್ಲಮ್ಮನ್ನು ಬಿಸಿನೀರಲ್ಲಿ ನೆನೆಸಿ, ಬೀಜ ತೆಗೆದು, ಹುಣಸೆ ರಸ, ಅರಿಶಿನ, ಚೂರು ಬೆಲ್ಲ ಹಾಕಿ ಬೇಯಿಸಿದೆ. ಹುರಿದ ಎಳ್ಳು, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿಯನ್ನು ತೆಂಗಿನ ತುರಿಯ ಜೊತೆ ರುಬ್ಬಿ ಸೇರಿಸಿದೆ. ಎಳ್ಳು, ಹೊಗೆ ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿತ್ತು. ಅನಾನಸಿನ ಮೆಣಸ್ಕಾಯಿಗಿಂತ ಇದೇ ಮೇಲು ಅಂದರೆ ಮಂಗಳೂರಿನ ಗೆಳೆಯರು ಜಗಳಕ್ಕೆ ಬರುತ್ತಾರೆ. ಬರಲಿ.

ಊಟಕ್ಕೆ ಬಂದಿದ್ದ ಪಕ್ಕದ ಮನೆಯ ಪೋಲಿಷ್ ಅಜ್ಜಿ ಬಾಯಿಗಿಡುವ ಮೊದಲೇ ವಾಸನೆ ಹಿಡಿದರು. ಡಿಸೆಂಬರ್ 24ರ ರಾತ್ರಿ ಊಟಕ್ಕೆ ಅವರಲ್ಲಿ ಒಣ ಹಣ್ಣುಗಳನ್ನು ಕುದಿಸಿ ಒಂದು ಪಾನಕ ಮಾಡುತ್ತಾರೆ. ಅದರ ಜೀವವೇ ಈ ಪ್ಲಮ್. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡನೇ ಸಲ ಹಾಕಿಸಿಕೊಂಡರು.

ಅವರು ಬರುವಾಗ ತಂದಿದ್ದು ದಾರದಲ್ಲಿ ಪೋಣಿಸಿದ ಒಣ ಅಣಬೆಯ ಸರ. ದೇವರ ಮುಂದೆ ಅದನ್ನು ಎಲ್ಲಿಡುವುದು? ಹಬ್ಬದ ದಿನ ನಮ್ಮಲ್ಲಿ ಅಣಬೆ ಮಾಡುವುದಿಲ್ಲ. ಮಾರನೇ ದಿನ ಹೊಸತೊಡಕು ಇತ್ತಲ್ಲ, ಅದಕ್ಕೆ ಎತ್ತಿಟ್ಟೆ. ಊರಲ್ಲಾದರೆ ಅವತ್ತು ಮಟನ್ ಅಂಗಡಿ ಮುಂದೆ ಸಾಲು. ಇಲ್ಲಿ ಎಲ್ಲೆಲ್ಲೂ ಹಂದಿ ಮಾಂಸ, ಕುರಿ ಹುಡುಕುವುದೇ ಕಷ್ಟ.

ಅದು ಬೊರೊವಿಕ್ ಎಂಬ ಕಾಡಣಬೆ. ಹಸಿ ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಒಂದು ಕಿಲೋ ಒಣಗಿಸಿದರೆ ಸುಮಾರು 100 ಗ್ರಾಂ ಉಳಿಯುತ್ತದೆ, ರುಚಿ ಅಷ್ಟರಲ್ಲೇ ಗಟ್ಟಿಯಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿದೆ. ಮರಳು ತಳ ಸೇರಿದ ಮೇಲೆ ಕಂದು ನೀರನ್ನು ಮೆಲ್ಲಗೆ ಬಗ್ಗಿಸಿ ಬಟ್ಟೆಯಲ್ಲಿ ಸೋಸಿಟ್ಟೆ. ಈರುಳ್ಳಿ, ಬೆಳ್ಳುಳ್ಳಿ ಜೊತೆ ಅಣಬೆ ಹುರಿದು, ಧನಿಯಾ, ಮೆಣಸು, ಚಕ್ಕೆ, ಲವಂಗ, ಕಾಯಿ ರುಬ್ಬಿದ ಮಸಾಲೆ ಹಾಕಿ, ಆ ನೀರಲ್ಲೇ ಕುದಿಸಿದೆ. ರಾಗಿಮುದ್ದೆ ಜೊತೆ ಬಡಿಸಿದರೆ ಮಟನ್ ಇಲ್ಲ ಅಂತ ಗೊಣಗುತ್ತಿದ್ದ ಗಂಡ ಸುಮ್ಮನಾದ.

ಅಜ್ಜಿಯ ಹಾಗೆ ಕಾಡಿಗೆ ಹೋಗಿ ನಾನೇ ಆರಿಸುವ ಧೈರ್ಯ ನನಗಿಲ್ಲ. ಇಲ್ಲಿ ಕಾಡಣಬೆ ಮಾರಬೇಕಾದರೆ ಪರಿಣತರು ನೋಡಿ ಕೊಟ್ಟ ಪ್ರಮಾಣಪತ್ರ ಇರಬೇಕು. ಆ ಸರ ಮುಗಿದ ಮೇಲೆ ನಾನು ಸಂತೆಯಲ್ಲಿ ಆ ಪ್ರಮಾಣಪತ್ರ ನೋಡಿಯೇ ಅಣಬೆ ಕೊಳ್ಳುತ್ತಿದ್ದೇನೆ.