ಸಂಜೆ ಐದಕ್ಕೆ ಬಂದವರ ಕೂಲಿ

ನಾನು ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತಿ ಎಷ್ಟು ಕ್ವಿಂಟಲ್ ಬಂತು, ತೇವ ಎಷ್ಟು, ಅದಕ್ಕೆ ಎಷ್ಟು ಮುರಿಯಬೇಕು, ಯಾರಿಗೆ ಎಷ್ಟು ಬಾಕಿ. ಹದಿನೇಳು ವರ್ಷದಿಂದ ಇದೇ ಕೆಲಸ. ನನ್ನ ಭಕ್ತಿಯೂ ಹಾಗೇ ಆಗಿಬಿಟ್ಟಿತ್ತು.

ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೆ. ಎಷ್ಟು ನಿಮಿಷ ಪ್ರಾರ್ಥನೆ, ಎಷ್ಟು ಅಧ್ಯಾಯ ಓದಿದೆ, ಶುಕ್ರವಾರದ ಉಪವಾಸ ಆಯಿತೋ ಇಲ್ಲವೋ, ದಶಮಾಂಶ, ಅಂದರೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು, ದೇವರಿಗೆ ಕೊಟ್ಟೆನೋ ಇಲ್ಲವೋ. ಬೈಬಲ್‌ನಲ್ಲಿ 1,189 ಅಧ್ಯಾಯ. ದಿನಕ್ಕೆ ಮೂರೋ ನಾಲ್ಕೋ ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಐದು ಸಲ ಮುಗಿಸಿದ್ದೆ. ಆದರೆ ಒಂದು ದಿನ ತಪ್ಪಿದರೂ ಭಯ. ಮಗನಿಗೆ ಜ್ವರ ಬಂದರೆ, ಮೊನ್ನೆ ಉಪವಾಸ ಬಿಟ್ಟಿದ್ದಕ್ಕೇ ಅಂತ ಅನಿಸುತ್ತಿತ್ತು. ದೇವರನ್ನು ತಂದೆ ಅಂತಲೇ ಕರೆಯುತ್ತಿದ್ದೆ. ನಿಲ್ಲುತ್ತಿದ್ದದ್ದು ಮಾತ್ರ ಸಾಲ ಕೊಟ್ಟ ಸಾಹುಕಾರನ ಮುಂದೆ ನಿಂತ ಹಾಗೆ.

ಆಮೇಲೆ ಬೇರೆಯವರ ಲೆಕ್ಕವನ್ನೂ ಇಡತೊಡಗಿದೆ. ನಮ್ಮ ಚರ್ಚಿನ ಸಭೆಗೆ ಒಬ್ಬ ಅಕ್ಕ ಬರುತ್ತಿದ್ದರು. ಗಂಡ ತೀರಿಹೋಗಿದ್ದಾರೆ, ಇಬ್ಬರು ಸಣ್ಣ ಮಕ್ಕಳು. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಕ ಮಾಡಿ, ಎಷ್ಟು ತೂಗಿತೋ ಅಷ್ಟೇ ದುಡ್ಡು. ಆ ನವೆಂಬರ್‌ನಲ್ಲಿ ಅವರು ನಾಲ್ಕು ಭಾನುವಾರ ಬರಲಿಲ್ಲ. ಐದನೇ ವಾರ ಬಂದಾಗ ಬಾಗಿಲಲ್ಲೇ ನಿಲ್ಲಿಸಿ, "ದೇವರಿಗಿಂತ ಹತ್ತಿ ದೊಡ್ಡದಾಯಿತೇನಕ್ಕ?" ಅಂದೆ. ಅವರು ಏನೂ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ತಿರುಗಿ ಹೋದರು. ಮತ್ತೆ ಬರಲಿಲ್ಲ.

ಡಿಸೆಂಬರ್‌ನಲ್ಲಿ ಅವ್ವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅವ್ವನಿಗೆ ಓದು ಬರುವುದಿಲ್ಲ. ರಾತ್ರಿ ಹಾಸಿಗೆ ಪಕ್ಕ ಕೂತು ನಾನೇ ಓದುತ್ತಿದ್ದೆ. ಒಂದು ರಾತ್ರಿ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ಬಂತು. ಅದರಲ್ಲಿ ಯೇಸು ಹೇಳಿದ ಒಂದು ಕತೆ ಇದೆ. ಯಜಮಾನ ಬೆಳಿಗ್ಗೆ ಕೆಲವರನ್ನು ದ್ರಾಕ್ಷಿ ತೋಟಕ್ಕೆ ಕರೆಯುತ್ತಾನೆ. ಮತ್ತೆ ಮತ್ತೆ ಹೋಗಿ ಇನ್ನೂ ಕೆಲವರನ್ನು ಕರೆಯುತ್ತಾನೆ, ಕೊನೆಗೆ ಸಂಜೆ ಐದರ ಹೊತ್ತಿಗೂ ಕೆಲವರನ್ನು. ಕೂಲಿ ಮಾತ್ರ ಎಲ್ಲರಿಗೂ ಪೂರ್ತಿ ದಿನದ್ದು. ಈ ಸಾಮ್ಯದ ಕತೆ ನನಗೆ ಯಾವತ್ತೂ ಒಗ್ಗಿರಲಿಲ್ಲ. "ಇದು ನ್ಯಾಯನಾ ಅವ್ವ?" ಅಂತ ಕೇಳಿಯೇಬಿಟ್ಟೆ.

"ಐದು ಗಂಟಿತನಕ ಅಡ್ಡಾದಾಗ ನಿಂತಾರಂದ್ರ ಅವ್ರು ಮೈಗಳ್ರಲ್ಲಪ್ಪ," ಅಂದಳು ಅವ್ವ. "ಯಾರೂ ಕರೀಲಿಲ್ಲ, ಅದಕ್ಕ ನಿಂತಾರ. ನಾನೂ ನಿಂತೀನಿ. ಅವ್ರ ಮನ್ಯಾಗೂ ಮಕ್ಳು ರೊಟ್ಟಿಗೆ ಕಾಯ್ತಿರ್ತಾವಲ್ಲ."

ಪುಟ ತಿರುಗಿಸಿ ನೋಡಿದೆ. ಹೌದು, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅಂತ ಅವರೇ ಹೇಳುತ್ತಾರೆ. ಐದು ಸಲ ಓದಿದ್ದರೂ ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬೆಳಿಗ್ಗೆಯೇ ಬಂದವನು ಅಂತಲೇ ಓದುತ್ತಿದ್ದೆ. ದೇವರ ಮುಂದೆ ನಾನೂ ಐದು ಗಂಟೆಯವನೇ ಅಲ್ವಾ? ನನ್ನ ಉಪವಾಸವನ್ನೆಲ್ಲ ತಕ್ಕಡಿಗೆ ಹಾಕಿದರೂ ಒಂದು ದಿನದ ಕೂಲಿಯ ತೂಕ ಬರುವುದಿಲ್ಲ.

ಆ ರಾತ್ರಿ ಬೈಬಲ್‌ನಲ್ಲೇ ಇರುವ, ಅಪೊಸ್ತಲ ಪೌಲ ಗಲಾತ್ಯದವರಿಗೆ ಬರೆದ ಪತ್ರವನ್ನೂ ಓದಿದೆ. ಆರೇ ಅಧ್ಯಾಯ. ಪೌಲ ಅದರಲ್ಲಿ ಸಿಟ್ಟಾಗಿದ್ದಾನೆ. ಯೇಸುವನ್ನು ನಂಬಿದವರಿಗೆ ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಸುನ್ನತಿಯೂ ಆಗಲೇಬೇಕು ಅಂತ ಕೆಲವರು ಹಟ ಹಿಡಿದಿದ್ದರು. ಧರ್ಮಶಾಸ್ತ್ರ ಪಾಲಿಸಿಯೇ ನೀತಿವಂತರಾಗಬಹುದಾದರೆ ಕ್ರಿಸ್ತನು ಸತ್ತದ್ದೇ ವ್ಯರ್ಥ ಅನ್ನುತ್ತಾನೆ ಪೌಲ. ಧರ್ಮಶಾಸ್ತ್ರದ ವಿಷಯದಲ್ಲಿ ತಾನು ನಿರ್ದೋಷಿ ಅಂತ ಹೇಳಿಕೊಳ್ಳಬಲ್ಲ ಮನುಷ್ಯ ಈ ಮಾತು ಬರೆದಿದ್ದಾನೆ, ನೋಡಿ.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದಾ ಅಂತ ಸಭೆಯ ಹಿರಿಯರೊಬ್ಬರು ಕೇಳಿದರು. ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ಪೌಲನೇ ಆ ಪ್ರಶ್ನೆ ಎತ್ತಿ, ಖಂಡಿತ ಇಲ್ಲ ಅನ್ನುತ್ತಾನೆ. ನನ್ನ ಅನುಭವವೂ ಅಷ್ಟೇ. ಉಪವಾಸ ಈಗಲೂ ಮಾಡುತ್ತೇನೆ, ಬರೆದಿಡುವುದಿಲ್ಲ. ಪ್ರಾರ್ಥನೆಗೆ ಕೂತರೆ ಗಡಿಯಾರ ನೋಡುವುದಿಲ್ಲ, ಕೆಲವು ದಿನ ಮೊದಲಿಗಿಂತ ಜಾಸ್ತಿ ಹೊತ್ತೇ ಕೂರುತ್ತೇನೆ. ಭಯ ಹೋಗಿದೆ.

ಜನವರಿಯಲ್ಲಿ ಆ ಅಕ್ಕನ ಮನೆಗೆ ಹೋದೆ. ತಪ್ಪಾಯಿತು ಅಂತ ಹೇಳಲು ಹೋದರೆ ಗಂಟಲು ಕಟ್ಟಿತು. ಅವರು ಚಹಾ ತಂದುಕೊಟ್ಟರು. ಹತ್ತಿಕಾಯಿಯ ಒಣಸಿಪ್ಪೆ ಚುಚ್ಚಿ ಅವರ ಬೆರಳ ತುದಿಯೆಲ್ಲ ಗೀರುಗೀರು. ನಾನು ಅಂದದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಅವ್ವನ ಕಣ್ಣು ಈಗ ಹೆಂಗ ಅದಾವಣ್ಣ?" ಅಂತ ಕೇಳಿದರು.